ಟಾರ್‌ನಲ್ಲಿ ತೆರೆದರೆ ಬಿಟ್‌ಕಾಯಿನ್ ವ್ಯಾಲೆಟ್ ಸೇಫ್ ಆಗಿರುತ್ತಾ?

ನೀವು ಕೇಳಿರೋದು ಇಷ್ಟು: ಊರು ಮೂಡಿಗೆರೆ ಕಡೆ, ಕಾಫಿ ಮಾರಿದ ದುಡ್ಡಲ್ಲಿ ಸ್ವಲ್ಪ ಬಿಟ್‌ಕಾಯಿನ್ ತಗೊಂಡಿದ್ದೀರಿ, ಗುರುತು ಮುಚ್ಚಿಟ್ಟು ಇಂಟರ್‌ನೆಟ್ ನೋಡೋಕೆ ಇರೋ ಟಾರ್ ಬ್ರೌಸರ್‌ನಲ್ಲೇ ವ್ಯಾಲೆಟ್ (ಬಿಟ್‌ಕಾಯಿನ್ ನೋಡ್ಕೊಳ್ಳೋ ಸಾಫ್ಟ್‌ವೇರ್) ತೆರೆದರೆ ಯಾರೂ ಕದಿಯೋಕೆ ಆಗಲ್ಲ ಅಂತ ಸ್ನೇಹಿತರು ಹೇಳಿದ್ದಾರೆ, ಅದು ನಿಜವಾ?

ನಿಜ ಅಲ್ಲ. ಟಾರ್ ಮುಚ್ಚಿಡೋದು ನೀವು ಎಲ್ಲಿಂದ ಬರ್ತಿದ್ದೀರಿ, ಎಲ್ಲಿಗೆ ಹೋಗ್ತಿದ್ದೀರಿ ಅನ್ನೋದನ್ನ ಮಾತ್ರ. ನಿಮ್ಮ ಕೀ, ಅಂದರೆ ಬಿಟ್‌ಕಾಯಿನ್ ಖರ್ಚು ಮಾಡೋಕೆ ಬೇಕಾದ ಗುಟ್ಟಿನ ಸಂಖ್ಯೆ, ಅದನ್ನ ಕಾಯೋದು ಟಾರ್‌ನ ಕೆಲಸವೇ ಅಲ್ಲ. ನಾನು ಹಾಸನದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡ್ತೀನಿ. ಹೀಗೆ ನಂಬಿ ದುಡ್ಡು ಕಳ್ಕೊಂಡವರು ಎದುರು ಬಂದು ಕೂತಾಗ ಹೊಟ್ಟೆಗೆ ಸಂಕಟ ಆಗುತ್ತೆ, ಅದಕ್ಕೇ ಸ್ವಲ್ಪ ವಿವರವಾಗೇ ಬರೀತಿದ್ದೀನಿ.

ಟಾರ್‌ನಲ್ಲಿ ನಿಮ್ಮ ಡೇಟಾ ಮೂರು ರಿಲೇ (ಡೇಟಾ ಮುಂದಕ್ಕೆ ಕಳಿಸೋ ಕಂಪ್ಯೂಟರ್) ದಾಟಿ ಹೋಗುತ್ತೆ. ಮೊದಲನೇ ರಿಲೇಗೆ ನಿಮ್ಮ ಐಪಿ (ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ವಿಳಾಸ) ಗೊತ್ತಿರುತ್ತೆ, ಹೋಗೋ ಸೈಟ್ ಗೊತ್ತಿರಲ್ಲ. ಕೊನೇದು ಎಕ್ಸಿಟ್ ರಿಲೇ. ಅದಕ್ಕೆ ಸೈಟ್ ಗೊತ್ತು, ನೀವು ಯಾರು ಅಂತ ಗೊತ್ತಿಲ್ಲ. ಈ ರಿಲೇಗಳನ್ನ ನಡೆಸೋರು ಸ್ವಯಂಸೇವಕರು. ಬಹುಪಾಲು ಒಳ್ಳೆಯವರೇ, ಆದರೆ ಕಳ್ಳನೂ ಒಂದು ರಿಲೇ ಹಾಕ್ಕೊಂಡು ಕೂರಬಹುದು. 2020ರಲ್ಲಿ ಆಗಿದ್ದೇ ಅದು. ಆ ವರ್ಷದ ಮೇ ತಿಂಗಳಲ್ಲಿ ಟಾರ್‌ನ ಒಟ್ಟು ಎಕ್ಸಿಟ್ ಸಾಮರ್ಥ್ಯದಲ್ಲಿ ಶೇ. 23ಕ್ಕೂ ಹೆಚ್ಚು ಪಾಲು ಒಂದೇ ಗುಂಪಿನ ಕೈಯಲ್ಲಿತ್ತು. ಅವರ ಕಣ್ಣಿದ್ದದ್ದು ಕ್ರಿಪ್ಟೋ ಸೈಟ್‌ಗಳ ಮೇಲೆ. ಬಳಕೆದಾರನ ಸಂಪರ್ಕ ಎಚ್‌ಟಿಟಿಪಿಎಸ್‌ಗೆ (ದಾರಿಯಲ್ಲಿ ಯಾರೂ ಓದೋಕೆ, ತಿದ್ದೋಕೆ ಆಗದ ಸಂಪರ್ಕ) ಏರದಂತೆ ತಡೆದು, ಪುಟದಲ್ಲಿದ್ದ ಬಿಟ್‌ಕಾಯಿನ್ ವಿಳಾಸ (ದುಡ್ಡು ಪಡೆಯೋಕೆ ಕೊಡೋ, ಖಾತೆ ಸಂಖ್ಯೆ ತರಹದ ಅಕ್ಷರಗಳ ಸಾಲು) ತೆಗೆದು ತಮ್ಮದನ್ನ ಸೇರಿಸ್ತಿದ್ದರು. ಈಗ ಪರಿಸ್ಥಿತಿ ಸುಧಾರಿಸಿದೆ: 2022ರಲ್ಲಿ ಬಂದ ಟಾರ್ ಬ್ರೌಸರ್ 11.5ರಿಂದ ಎಚ್‌ಟಿಟಿಪಿಎಸ್ ಇಲ್ಲದ ಸೈಟ್ ತೆರೆಯೋಕೆ ಹೋದರೆ ಬ್ರೌಸರೇ ಎಚ್ಚರಿಕೆ ಕೊಡುತ್ತೆ. ಆ ಎಚ್ಚರಿಕೆ ಬಂದಾಗ "ಮುಂದುವರಿಸಿ" ಒತ್ತಬೇಡಿ, ಪುಟ ಮುಚ್ಚಿಬಿಡಿ.

ಆದರೆ ನನ್ನ ಅಂಗಡಿಗೆ ಬರೋ ಕಷ್ಟ ಬೇರೆ ತರಹದ್ದು. ಸಕಲೇಶಪುರದ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಟಾರ್ ಬ್ರೌಸರನ್ನ ಯಾವುದೋ ವಿಡಿಯೋ ಕೆಳಗಿದ್ದ ಲಿಂಕಿಂದ ಇಳಿಸ್ಕೊಂಡಿದ್ದ. ನಾನು ನೋಟ್‌ಪ್ಯಾಡ್ ತೆರೆದು, ಅವನದೇ ವ್ಯಾಲೆಟ್ ವಿಳಾಸ ಕಾಪಿ ಮಾಡಿ ಪೇಸ್ಟ್ ಮಾಡಿದೆ. ಮೊದಲ ಮೂರು ಅಕ್ಷರ ಅವೇ, ಉಳಿದದ್ದೆಲ್ಲ ಬೇರೆ. ಇನ್ನೊಂದು ವಿಳಾಸ ಹಾಕಿ ನೋಡಿದರೂ ಅದೇ ಕಥೆ. ಟಾರ್ ಬ್ರೌಸರ್ ಸರಿಯಾಗೇ ಓಡ್ತಿತ್ತು, ಅದರ ಜೊತೆ ಬಂದಿದ್ದ ಇನ್ನೊಂದು ಪ್ರೋಗ್ರಾಮ್ ಕ್ಲಿಪ್‌ಬೋರ್ಡ್ (ಕಾಪಿ ಮಾಡಿದ್ದು ಪೇಸ್ಟ್ ಆಗೋ ತನಕ ಇರೋ ಜಾಗ) ಕಾಯ್ಕೊಂಡು ಕೂತು ವಿಳಾಸ ಬದಲಿಸ್ತಿತ್ತು. ಇದು ಅಪರೂಪದ್ದೇನಲ್ಲ. ಕಳ್ಳರು ರಷ್ಯನ್ ಬಳಕೆದಾರರಿಗೆ ಹಂಚಿದ್ದ ನಕಲಿ ಟಾರ್ ಬ್ರೌಸರ್ ಒಂದನ್ನ 2019ರಲ್ಲಿ ಇಸೆಟ್ ಅನ್ನೋ ಸೈಬರ್ ಭದ್ರತಾ ಸಂಸ್ಥೆ ಬಯಲು ಮಾಡ್ತು. 2023ರಲ್ಲಿ ಅಂಥದ್ದೇ ಇನ್ನೊಂದು ಸಂಸ್ಥೆ ಕ್ಯಾಸ್ಪರ್‌ಸ್ಕಿ ಇಂಥದ್ದೇ ಕ್ಲಿಪ್‌ಬೋರ್ಡ್ ಕಳ್ಳತನದ ವಿವರ ಕೊಡ್ತು, ಹೋದ ಹಣ ಸುಮಾರು 4 ಲಕ್ಷ ಡಾಲರ್.

ಹಾಗಾಗಿ ಟಾರ್ ಇಳಿಸ್ಕೊಳ್ಳೋದು ಟಾರ್ ಪ್ರಾಜೆಕ್ಟ್‌ನ ಸ್ವಂತ ಸೈಟಿಂದ ಮಾತ್ರ. ವಾಟ್ಸಾಪ್‌ನಲ್ಲಿ ಬಂದ ಜಿಪ್ ಫೈಲ್, ಟೆಲಿಗ್ರಾಂ ಗುಂಪಿನ ಲಿಂಕ್, ಹುಡುಕಾಟದಲ್ಲಿ ಮೇಲೆ ಬರೋ ಜಾಹೀರಾತು, ಯಾವುದೂ ಬೇಡ. ಸಾಧ್ಯವಾದರೆ ಇಳಿಸಿದ ಫೈಲ್ ಅಸಲಿಯೇ ಅಂತ ತಿಳಿಯೋಕೆ ಅದರ ಡಿಜಿಟಲ್ ಸಹಿ ಪರಿಶೀಲನೆಯನ್ನೂ ಮಾಡಿ, ಹೇಗೆ ಅಂತ ಅವರ ಸೈಟಲ್ಲೇ ಇದೆ.

ಇನ್ನು ಕೀ ವಿಷಯ. ಟಾರ್ ಬ್ರೌಸರ್‌ಗೆ ವ್ಯಾಲೆಟ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸೋ ಪುಟ್ಟ ಪ್ರೋಗ್ರಾಮ್) ಹಾಕಲೇಬೇಡಿ, ಯಾವ ಎಕ್ಸ್‌ಟೆನ್ಷನ್ನೂ ಹಾಕಬೇಡಿ ಅಂತ ಟಾರ್‌ನವರೇ ಹೇಳ್ತಾರೆ. ಸೀಡ್ ಪದಗಳನ್ನ (ವ್ಯಾಲೆಟ್‌ನ ಕೀಗಳನ್ನೆಲ್ಲ ಮತ್ತೆ ಹುಟ್ಟಿಸೋ 12 ಅಥವಾ 24 ಇಂಗ್ಲಿಷ್ ಪದ) ಯಾವ ವೆಬ್ ಪುಟದಲ್ಲೂ ಟೈಪ್ ಮಾಡಬಾರದು, ಅದು ಟಾರ್‌ನೊಳಗೇ ತೆರೆಯೋ ಆನಿಯನ್ ಸೈಟ್ ಆದರೂ ಅಷ್ಟೇ. ನಿಮ್ಮ ದುಡ್ಡು ಕಾಯೋಕೆ ಹಾರ್ಡ್‌ವೇರ್ ವ್ಯಾಲೆಟ್ (ಕೀ ಇಡೋಕಂತಲೇ ಮಾಡಿರೋ ಪುಟ್ಟ ಸಾಧನ) ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಮಾತ್ರ ಬೇಡ. ಕೀ ಅದರೊಳಗೇ ಉಳಿಯುತ್ತೆ, ದುಡ್ಡು ಕಳಿಸೋಕೆ ಬೇಕಾದ ಡಿಜಿಟಲ್ ಸಹಿಯೂ ಅಲ್ಲೇ ಆಗುತ್ತೆ. ಕಳಿಸೋ ಮುಂಚೆ ಆ ಸಾಧನದ ಪುಟ್ಟ ಪರದೆ ಮೇಲಿನ ವಿಳಾಸವನ್ನ, ದುಡ್ಡು ತಗೊಳ್ಳೋರು ಬೇರೆ ದಾರಿಯಲ್ಲಿ, ಉದಾಹರಣೆಗೆ ಫೋನಲ್ಲಿ ಓದಿ ಹೇಳಿದ್ದರ ಜೊತೆ ಪೂರ್ತಿ ತಾಳೆ ನೋಡಿ. ಮೊದಲ ನಾಲ್ಕು, ಕೊನೆ ನಾಲ್ಕು ಅಕ್ಷರ ನೋಡಿದರೆ ಸಾಲದು, ಹಾಗೆ ಹೊಂದೋ ವಿಳಾಸ ಸೃಷ್ಟಿಸೋಕೆ ಬರುತ್ತೆ.

ಸೀಡ್ ಪದಗಳನ್ನ ಕಾಗದದಲ್ಲಿ ಬರೆದು ಬೀರುವಲ್ಲಿ ಇಟ್ಟಿದ್ದೀನಿ ಅಂದಿದ್ದೀರಿ. ಮಲೆನಾಡಿನ ಮಳೆಗಾಲ ನಿಮಗೆ ನಾನು ಹೇಳ್ಬೇಕಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಜೆಲ್ ಪೆನ್ನಿನ ಶಾಯಿ ಇಳಿದುಹೋಗುತ್ತೆ, ಗೆದ್ದಲು ಬೇರೆ. ಸ್ಟೀಲ್ ತಗಡಿನ ಮೇಲೆ ಹೊಡೆದಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಪಂಚ್ ಸೆಟ್ ಸಿಗುತ್ತೆ. ಬಹುತೇಕ ವ್ಯಾಲೆಟ್‌ಗಳು ಸೀಡ್ ಪದ ಆರಿಸೋ ಬಿಐಪಿ 39 ಅನ್ನೋ ಇಂಗ್ಲಿಷ್ ಪಟ್ಟಿಯಲ್ಲಿರೋದು 2048 ಪದ, ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಅಂದರೆ ಪ್ರತಿ ಪದದ ನಾಲ್ಕೇ ಅಕ್ಷರ ಹೊಡೆದರೆ ಸಾಕು, 24 ಪದಕ್ಕೆ ಹೆಚ್ಚೆಂದರೆ 96 ಏಟು. ಪಾತ್ರೆ ಅಂಗಡಿಯಲ್ಲಿ ತಟ್ಟೆ ಮೇಲೆ ಹೆಸರು ಹಾಕಿಸ್ತೀವಲ್ಲ, ಹಾಗೆ ಅಲ್ಲಿ ಹಾಕಿಸೋ ಆಸೆ ಬರಬಹುದು. ದಯವಿಟ್ಟು ಬೇಡ, ಆ ಪದಗಳನ್ನ ಓದಿದವರ ಕೈಗೆ ದುಡ್ಡು ಕೊಟ್ಟಂತೆಯೇ ಲೆಕ್ಕ. ಮನೆಯಲ್ಲಿ ಕೂತು ನೀವೇ ಹೊಡೀರಿ. ಫೋಟೋನೂ ತೆಗೀಬೇಡಿ, ಅದು ಕ್ಲೌಡ್‌ಗೆ ಹೋಗಬಹುದು.

ಗುಟ್ಟಿನ ಬಗ್ಗೆ ಒಂದು ಮಾತು. ಬಿಟ್‌ಕಾಯಿನ್ ಲೆಡ್ಜರ್, ಅಂದರೆ ಎಲ್ಲ ವರ್ಗಾವಣೆಗಳ ಲೆಕ್ಕದ ಪುಸ್ತಕ, ಎಲ್ಲರಿಗೂ ತೆರೆದೇ ಇದೆ, ಟಾರ್ ಅದನ್ನ ಮುಚ್ಚಲ್ಲ. ಎಕ್ಸ್‌ಚೇಂಜ್‌ನಲ್ಲಿ (ಬಿಟ್‌ಕಾಯಿನ್ ಕೊಂಡು ಮಾರೋ ಸೈಟ್) ಪ್ಯಾನ್ ಕೊಟ್ಟು ಕೊಂಡಿದ್ದೀರಿ, ಅಲ್ಲಿಂದ ಯಾವ ವಿಳಾಸಕ್ಕೆ ಕಳಿಸಿದ್ದೀರಿ ಅಂತ ಅವರಿಗೆ ಗೊತ್ತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ, ಮಾರುವಾಗ ಶೇ. 1 ಟಿಡಿಎಸ್ ಇದ್ದೇ ಇದೆ. ಆ ಎಕ್ಸ್‌ಚೇಂಜ್‌ಗೆ ಟಾರ್‌ನಿಂದ ಲಾಗಿನ್ ಆಗಿ ಪ್ರಯೋಜನ ಇಲ್ಲ, ಯಾವುದೋ ದೇಶದ ಐಪಿ ಕಂಡು ಖಾತೆ ಲಾಕ್ ಆಗೋ ಸಾಧ್ಯತೆಯೇ ಹೆಚ್ಚು.

ಟಾರ್ ನಿಜವಾಗಿ ಉಪಯೋಗಕ್ಕೆ ಬರೋದು ವ್ಯಾಲೆಟ್ ಸಾಫ್ಟ್‌ವೇರ್‌ನಲ್ಲಿ. ಎಲೆಕ್ಟ್ರಮ್, ಸ್ಪ್ಯಾರೋ ಅನ್ನೋ ಎರಡು ವ್ಯಾಲೆಟ್‌ಗಳಲ್ಲೂ ಸೆಟ್ಟಿಂಗ್‌ನ ಪ್ರಾಕ್ಸಿ (ಮಧ್ಯವರ್ತಿ ಸಂಪರ್ಕ) ಜಾಗದಲ್ಲಿ ಟಾರ್ ಕೊಡಬಹುದು. ಆಗ ವ್ಯಾಲೆಟ್ ಮಾತಾಡಿಸೋ ಸರ್ವರ್‌ಗೆ ನಿಮ್ಮ ಮನೆಯ ಐಪಿ ಕಾಣಲ್ಲ. ಈ ಬಿಟ್‌ಕಾಯಿನ್ ವಿಳಾಸಗಳೆಲ್ಲ ಒಬ್ಬರದೇ ಅಂತ ಮಾತ್ರ ಆ ಸರ್ವರ್ ಆಗಲೂ ಊಹಿಸಬಹುದು. ಅದೂ ಬೇಡ ಅಂದರೆ ಸ್ವಂತ ನೋಡ್ (ಲೆಡ್ಜರನ್ನ ಇಳಿಸ್ಕೊಂಡು ತಾನೇ ಪರಿಶೀಲಿಸೋ ಕಂಪ್ಯೂಟರ್) ನಡೆಸಬೇಕು. ಕರೆಂಟು, ಇಂಟರ್‌ನೆಟ್ ಎರಡೂ ಕೈಕೊಡೋ ತೋಟದ ಮನೆಯಲ್ಲಿ ಅದಕ್ಕೆ ಯುಪಿಎಸ್ ಬೇಕಾಗುತ್ತೆ.

ಈಗಾಗಲೇ ಎಲ್ಲಾದರೂ ಸೀಡ್ ಟೈಪ್ ಮಾಡಿದ್ದರೆ ಕಾಯಬೇಡಿ. ಇವತ್ತೇ ಹೊಸ ಸೀಡ್‌ನ ವ್ಯಾಲೆಟ್ ಮಾಡಿ, ಇರೋದನ್ನೆಲ್ಲ ಅಲ್ಲಿಗೆ ವರ್ಗಾಯಿಸಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಪ್ರಯೋಜನ ಇಲ್ಲ. ದುಡ್ಡು ಹೋಗೇಬಿಟ್ಟಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡ್ಕೊಳ್ಳೋ ಜಿಲ್ಲೆಯ ಸೆನ್ (ಸಿಇಎನ್) ಪೊಲೀಸ್ ಠಾಣೆಗೂ ದೂರು ಕೊಡಿ. ಟ್ರಾನ್ಸಾಕ್ಷನ್ ಐಡಿ, ಹಣ ಹೋದ ವಿಳಾಸ ಎರಡನ್ನೂ ಮುದ್ರಿಸಿ ತಗೊಂಡು ಹೋಗಿ. "ನಿಮ್ಮ ಕಾಯಿನ್ ವಾಪಸ್ ತರಿಸ್ತೀವಿ, ಮುಂಗಡ ಫೀಸ್ ಕೊಡಿ" ಅಂತ ಟೆಲಿಗ್ರಾಂನಲ್ಲಿ ಬರೋರಿಗೆ ಉತ್ತರವೇ ಕೊಡಬೇಡಿ, ಅವರು ಬರೋದು ಎರಡನೇ ಸಲ ದೋಚೋಕೆ.