ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನ್ಯೂಯಾರ್ಕ್ ಜೆಟ್ಸ್ ಹೀಗೆ ಸೋಲ್ತಾ ಇರೋದಕ್ಕೆ ಕ್ವಾರ್ಟರ್‌ಬ್ಯಾಕೇ (ಆಟ ನಡೆಸಿ ಚೆಂಡು ಎಸೆಯೋ ಆಟಗಾರ) ಕಾರಣವಾ? ನಾನು ಈ ಟೀಮನ್ನೇ ಬಿಟ್ಟುಬಿಡಲಾ? ಇಲ್ಲ, ಇವನ ಕೈಲಾಗಲ್ಲ ಅಂತ ಇವನನ್ನ ಬಿಟ್ಟು ಡ್ರಾಫ್ಟ್‌ನಲ್ಲಿ (ಟೀಮುಗಳು ಸರದಿಯಂತೆ ಕಾಲೇಜು ಆಟಗಾರರನ್ನ ಆರಿಸಿಕೊಳ್ಳೋ ವಾರ್ಷಿಕ ಆಯ್ಕೆ) ಇನ್ನೊಬ್ಬ ಹೊಸಬನನ್ನ ತಂದರೆ ಸರಿಹೋಗುತ್ತಾ?

ಸರಿಹೋಗಲ್ಲ. "ಇವನ ಕೈಲಾಗಲ್ಲ, ಇನ್ನೊಬ್ಬನನ್ನ ತನ್ನಿ" ಅಂತ ನೀವು ಬರೆದಿರೋ ಮಾತನ್ನೇ ನಾವು ಜೆಟ್ಸ್ ಅಭಿಮಾನಿಗಳು 2019ರಲ್ಲಿ ಸ್ಯಾಮ್ ಡಾರ್ನಾಲ್ಡ್ ಬಗ್ಗೆ ಹೇಳಿದ್ವಿ. 2022ರಲ್ಲಿ ಜ್ಯಾಕ್ ವಿಲ್ಸನ್ ಬಗ್ಗೆ ಹೇಳಿದ್ವಿ. ಅದಕ್ಕೂ ಮುಂಚೆ ಮಾರ್ಕ್ ಸ್ಯಾಂಚೆಜ್, ಜೀನೋ ಸ್ಮಿತ್. ಹುಡುಗರು ಬಂದರು, ಬೈಸಿಕೊಂಡರು, ಹೋದರು. 2010ರ ಸೀಸನ್ ಆದಮೇಲೆ ನಮ್ಮ ಟೀಮು ಪ್ಲೇಆಫ್ ಮುಖ ನೋಡಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಹುಡುಗ ಒಳ್ಳೆಯವನಾ ಅನ್ನೋದು ಆಮೇಲಿನ ಮಾತು. ಅವನನ್ನ ಕಾಯೋಕೆ ಮುಂದೆ ನಿಂತಿರೋ ಐದು ಜನ (ಆಫೆನ್ಸಿವ್ ಲೈನ್: ನಡುವೆ ಸೆಂಟರ್, ಅವನ ಆಚೀಚೆ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು) ಯಾರು, ಅವನಿಗೆ ಆಟ ಹೇಳಿಕೊಡೋರು ಯಾರು ಅನ್ನೋದನ್ನ ಮೊದಲು ನೋಡಬೇಕು.

ನಮಗೆ ದುಬಾರಿಯಾದ ತಪ್ಪು ಒಂದೇ. ಅದನ್ನ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಅದು ಅರ್ಥವಾಗದೆ ಮಿಕ್ಕಿದ್ದು ಅರ್ಥವಾಗಲ್ಲ.

2018ರ ಮಾರ್ಚ್. ಆ ವರ್ಷದ ಡ್ರಾಫ್ಟ್‌ನಲ್ಲಿ ಜೆಟ್ಸ್ ಕೈಯಲ್ಲಿ 6ನೇ ಪಿಕ್ (ಆರನೆಯದಾಗಿ ಆರಿಸೋ ಸರದಿ) ಇತ್ತು. ಕ್ವಾರ್ಟರ್‌ಬ್ಯಾಕ್ ಬೇಕೇ ಬೇಕು ಅಂತ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಜೊತೆ ಮಾತಾಡಿ 3ನೇ ಪಿಕ್‌ಗೆ ಏರಿದರು. ಮೂರು ಮೆಟ್ಟಿಲು ಹತ್ತೋಕೆ ಕೊಟ್ಟಿದ್ದೇನು? ಆ 6ನೇ ಪಿಕ್, ಅದರ ಜೊತೆ ಅದೇ ವರ್ಷದ ಎರಡನೇ ಸುತ್ತಿನ ಎರಡು ಪಿಕ್ (37 ಮತ್ತು 49), ಸಾಲದು ಅಂತ 2019ರ ಎರಡನೇ ಸುತ್ತಿನ ಪಿಕ್ ಕೂಡ. 3ರಲ್ಲಿ ಡಾರ್ನಾಲ್ಡ್ ಬಂದ. ಕೋಲ್ಟ್ಸ್‌ನವರು 6ರಲ್ಲಿ ಕ್ವೆಂಟನ್ ನೆಲ್ಸನ್ ಅನ್ನೋ ಗಾರ್ಡ್‌ನನ್ನ ತಗೊಂಡರು, 37ರಲ್ಲಿ ಬ್ರೇಡನ್ ಸ್ಮಿತ್‌ನನ್ನ. ನೆಲ್ಸನ್ ಮೊದಲ ಮೂರು ವರ್ಷವೂ ಆಲ್-ಪ್ರೊ (ಲೀಗಿನ ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿ) ಮೊದಲ ತಂಡದಲ್ಲಿದ್ದ. ಸ್ಮಿತ್ ಅದೇ ವರ್ಷ ರೈಟ್ ಟ್ಯಾಕಲ್ ಜಾಗದಲ್ಲಿ ಗಟ್ಟಿಯಾಗಿ ನಿಂತ. 2017ರಲ್ಲಿ ಕೋಲ್ಟ್ಸ್ ಕ್ವಾರ್ಟರ್‌ಬ್ಯಾಕ್‌ಗಳು 56 ಸಲ ಸ್ಯಾಕ್ ಆಗಿದ್ದರು (ಚೆಂಡು ಎಸೆಯೋ ಮುಂಚೆಯೇ ಎದುರಾಳಿ ಕೆಡವೋದು), ಲೀಗಿನಲ್ಲೇ ಅತಿ ಹೆಚ್ಚು. 2018ರಲ್ಲಿ 18 ಸಲ, ಲೀಗಿನಲ್ಲೇ ಅತಿ ಕಡಿಮೆ. ಭುಜದ ಗಾಯದಿಂದ ಒಂದು ವರ್ಷ ಕೂತಿದ್ದ ಆಂಡ್ರ್ಯೂ ಲಕ್ ವಾಪಸ್ ಬಂದು ಟೀಮನ್ನ ಪ್ಲೇಆಫ್‌ಗೆ ಕರ್ಕೊಂಡು ಹೋದ. ಅವನನ್ನ ಕಾಪಾಡಿದ ಗೋಡೆಯ ಎರಡು ಕಲ್ಲು ನಮ್ಮ ಮನೆಯಿಂದ ಹೋಗಿದ್ದು.

ಎರಡನೇ ಸುತ್ತಿನ ಪಿಕ್ ಅಂದ್ರೆ ಚಿಲ್ಲರೆ ಅಲ್ಲ. ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳು ಹೆಚ್ಚಾಗಿ ಮೊದಲ ಹತ್ತರಲ್ಲೇ ಖಾಲಿಯಾಗ್ತಾರೆ. ಗಾರ್ಡ್, ಸೆಂಟರ್, ರೈಟ್ ಟ್ಯಾಕಲ್ ಹಾಗಲ್ಲ, ಹತ್ತು ವರ್ಷ ಆಡೋ ಗಟ್ಟಿಗರು 30ರಿಂದ 60ರ ಮಧ್ಯೆ ಸಿಗ್ತಾರೆ. ಜೆಟ್ಸ್ 2011ರಿಂದ 2019ರ ತನಕ ಒಂಬತ್ತು ಡ್ರಾಫ್ಟ್‌ಗಳಲ್ಲಿ ಮೊದಲ ಎರಡು ಸುತ್ತಿನಲ್ಲಿ ಒಬ್ಬನೇ ಒಬ್ಬ ಆಫೆನ್ಸಿವ್ ಲೈನ್‌ಮ್ಯಾನ್‌ನನ್ನ ತಗೊಳ್ಳಲಿಲ್ಲ. ಒಬ್ಬನನ್ನೂ! ಅಂಥಾ ಟೀಮಿಗೆ 20 ವರ್ಷದ ಹುಡುಗನನ್ನ ತಂದು, ಅವನನ್ನ ಕಾಯೋರನ್ನ ಕೊಳ್ಳಬೇಕಾಗಿದ್ದ ಪಿಕ್‌ಗಳನ್ನೇ ಅವನನ್ನ ತರೋಕೆ ಖರ್ಚು ಮಾಡಿದರು. ಡಾರ್ನಾಲ್ಡ್ ಮೂರು ವರ್ಷದಲ್ಲಿ 38 ಆಟ ಶುರುಮಾಡಿದ, 98 ಸಲ ಸ್ಯಾಕ್ ಆದ. 45 ಟಚ್‌ಡೌನ್ (ಸ್ಕೋರ್ ತಂದ ಪಾಸ್), 39 ಇಂಟರ್ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಪಾಸ್). ನಾವು ಎಣಿಸಿದ್ದು ಆ 39ನ್ನ ಮಾತ್ರ.

2019ರ ಅಕ್ಟೋಬರ್ 21ರ ಸೋಮವಾರ ರಾತ್ರಿಯ ಆಟದ ರೆಕಾರ್ಡಿಂಗ್ ಸಿಕ್ಕರೆ ನೋಡಿ. ನಮ್ಮ ಮೆಟ್‌ಲೈಫ್ ಮೈದಾನದಲ್ಲೇ ಪೇಟ್ರಿಯಟ್ಸ್ ವಿರುದ್ಧ 33-0 ಸೋಲು. ಡಾರ್ನಾಲ್ಡ್ 32 ಎಸೆದು 11 ಮುಟ್ಟಿಸಿದ, 86 ಯಾರ್ಡ್, ನಾಲ್ಕು ಇಂಟರ್ಸೆಪ್ಷನ್. ಬೆಂಚಿನಲ್ಲಿ ಕೂತು "ಕಣ್ಣಿಗೆ ದೆವ್ವಗಳು ಕಾಣ್ತಿವೆ" ಅನ್ನೋ ಅರ್ಥದಲ್ಲಿ ಅವನು ಹೇಳಿದ್ದು ಮೈಕಿಗೆ ಸಿಕ್ಕಿ ಟಿವಿಯಲ್ಲಿ ಬಂತು. ಊರೆಲ್ಲ ಆಡಿಕೊಂಡಿತು. ಆಟಗಾರರ ಬಾಯಲ್ಲಿ ಆ ಮಾತಿಗೆ ಸ್ಪಷ್ಟವಾದ ಅರ್ಥ ಇದೆ: ಇಲ್ಲದ ಕಡೆಯೂ ಮೇಲೆ ಬೀಳೋರು ಬಂದಂತೆ ಅನ್ನಿಸೋದು. ಪೇಟ್ರಿಯಟ್ಸ್ ಕೋಚ್ ಬೆಲಿಚಿಕ್ ಆ ರಾತ್ರಿ ಮಾಡಿಸಿದ್ದು ಇಷ್ಟು. ಹಿಂದೆ ಆಳದಲ್ಲಿ ಸೇಫ್ಟಿ (ಕೊನೆಯ ಕಾವಲುಗಾರ) ಯಾರನ್ನೂ ಇಡದೆ ಆರೇಳು ಜನರನ್ನ ಲೈನಿನ ಮೇಲೇ ನಿಲ್ಲಿಸಿದ. ಸ್ನ್ಯಾಪ್ ಆದ (ಸೆಂಟರ್ ಚೆಂಡನ್ನ ಹಿಂದಕ್ಕೆ ಕೊಟ್ಟ) ಕೂಡಲೇ ಒಮ್ಮೆ ಎಲ್ಲರೂ ನುಗ್ತಾರೆ, ಇನ್ನೊಮ್ಮೆ ಅವರಲ್ಲೇ ಇಬ್ಬರು ಮೂವರು ಹಿಂದೆ ಸರಿದು ಪಾಸ್ ಹೋಗೋ ದಾರಿಯಲ್ಲೇ ನಿಲ್ತಾರೆ. ಇದಕ್ಕೆ ಮದ್ದು ಇದೆ. ಒಳಗಿನಿಂದ ಅಡ್ಡ ಓಡೋ ರಿಸೀವರ್‌ಗೆ (ಪಾಸ್ ಹಿಡಿಯೋನು) ಒಂದೂವರೆ ಸೆಕೆಂಡಿನಲ್ಲಿ ಚೆಂಡು ಕೊಡೋದು, ರನ್ನಿಂಗ್ ಬ್ಯಾಕ್‌ನನ್ನ (ಚೆಂಡು ಹಿಡಿದು ಓಡೋನು) ಒಳಗೇ ಇಟ್ಟು ಆರನೆಯವನನ್ನ ತಡೆಯೋದು. ಅದನ್ನ ವಾರವಿಡೀ ಅಭ್ಯಾಸ ಮಾಡಿಸಬೇಕಾದವನು ಕೋಚ್. 22 ವರ್ಷದವನು ಮೈದಾನದಲ್ಲಿ ನಿಂತು ತಾನಾಗೇ ಕಂಡುಹಿಡಿಯೋದಲ್ಲ ಅದು.

ಅದೇ ಡಾರ್ನಾಲ್ಡ್‌ನನ್ನ 2021ರಲ್ಲಿ ಕ್ಯಾರೊಲೈನಾಗೆ ಸಾಗಹಾಕಿದ್ವಿ. 2023ರಲ್ಲಿ ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಕ್ ಪರ್ಡಿಗೆ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿ ಕೂತು ಕಲಿತ. 2024ರಲ್ಲಿ ಮಿನೆಸೊಟದಲ್ಲಿ ತಾನೂ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕೆವಿನ್ ಓಕಾನಲ್ ಕೋಚ್, ಹೊರಗಡೆ ರಿಸೀವರ್ ಜಸ್ಟಿನ್ ಜೆಫರ್ಸನ್: 14 ಗೆಲುವು, 35 ಟಚ್‌ಡೌನ್, 4,319 ಯಾರ್ಡ್. ಆ ಸೀಸನ್ನಿನ ಕೊನೆಯ ಆಟವನ್ನೂ ನೋಡಿ. ಲೆಫ್ಟ್ ಟ್ಯಾಕಲ್ ಕ್ರಿಶ್ಚಿಯನ್ ಡ್ಯಾರಿಸಾ ಅಕ್ಟೋಬರ್‌ನಲ್ಲೇ ಮೊಣಕಾಲಿಗೆ ಗಾಯವಾಗಿ ಹೊರಗೆ ಕೂತಿದ್ದ. ಪ್ಲೇಆಫ್‌ನಲ್ಲಿ ರ‍್ಯಾಮ್ಸ್‌ನವರು ಡಾರ್ನಾಲ್ಡ್‌ನನ್ನ ಒಂಬತ್ತು ಸಲ ಸ್ಯಾಕ್ ಮಾಡಿದರು, 27-9. ವರ್ಷವಿಡೀ ಗೆದ್ದವನು ಒಂದೇ ರಾತ್ರಿಯಲ್ಲಿ 2019ರವನ ಹಾಗೆ ಕಂಡ. ಮುಂದೆ ಸಿಯಾಟಲ್ ಅವನನ್ನ ಕರೆದುಕೊಂಡಿತು, 2025ರ ಡ್ರಾಫ್ಟ್‌ನ ಮೊದಲ ಪಿಕ್ಕನ್ನ ಗ್ರೇ ಝೇಬಲ್ ಅನ್ನೋ ಲೈನ್‌ಮ್ಯಾನ್ ಮೇಲೆ ಹಾಕಿತು. ನಾವು ಬೂ ಅಂತ ಕೂಗಿ ಕಳಿಸಿದ ಹುಡುಗ ಅಲ್ಲಿ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ.

ಇದರ ಇನ್ನೊಂದು ಮಗ್ಗುಲು ಸ್ಯಾಂಚೆಜ್. 2009ರಲ್ಲಿ ಹೊಸಬನಾಗಿ 12 ಟಚ್‌ಡೌನ್, 20 ಇಂಟರ್ಸೆಪ್ಷನ್ ಎಸೆದ. ಯಾವ ಲೆಕ್ಕದಲ್ಲೂ ಕಳಪೆ. ಆದರೂ ಎಎಫ್‌ಸಿ ಫೈನಲ್‌ಗೆ (ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗೆ) ಹೋದ್ವಿ, ಮರುವರ್ಷ ಮತ್ತೆ ಹೋದ್ವಿ. ಡಿಫೆನ್ಸ್ ಅದ್ಭುತವಾಗಿತ್ತು, ನಿಜ. ಜೊತೆಗೆ 2006ರ ಮೊದಲ ಸುತ್ತಿನಲ್ಲೇ ತಂದಿದ್ದ ಇಬ್ಬರು ಲೈನಿನಲ್ಲಿದ್ದರು: ಲೆಫ್ಟ್ ಟ್ಯಾಕಲ್ ಡಿಬ್ರಿಕಶಾ ಫರ್ಗ್ಯುಸನ್, ಸೆಂಟರ್ ನಿಕ್ ಮ್ಯಾಂಗೋಲ್ಡ್. ಫರ್ಗ್ಯುಸನ್ ಹತ್ತು ವರ್ಷದಲ್ಲಿ ತಪ್ಪಿಸಿಕೊಂಡಿದ್ದು ಒಂದೇ ಒಂದು ಸ್ನ್ಯಾಪ್. ಮ್ಯಾಂಗೋಲ್ಡ್ 2025ರ ಅಕ್ಟೋಬರ್‌ನಲ್ಲಿ 41ನೇ ವಯಸ್ಸಿಗೇ ತೀರಿಕೊಂಡ. ನ್ಯೂಜೆರ್ಸಿಯಲ್ಲಿ ಅವನ 74ನೇ ನಂಬರಿನ ಜರ್ಸಿ ಹಾಕಿಕೊಂಡವರು ಕಂಡರೆ ನಿಂತು ಮಾತಾಡಿಸಿ, ಆಟ ಗೊತ್ತಿರೋ ಜನ ಅವರು. ಆರ್‌ಸಿಬಿ ನೋಡಿ ಬೆಳೆದ ನಿಮಗೆ ಇದು ಹೊಸ ಪಾಠವೇನಲ್ಲ: ಗೇಲ್, ಕೊಹ್ಲಿ, ಎಬಿ ಮೂವರೂ ಇದ್ದಾಗ ಬರದ ಕಪ್ಪು, ಬೌಲಿಂಗ್ ಸರಿಹೋದ 2025ರಲ್ಲಿ ಬಂತು.

ಹಾಗಂತ ಕ್ವಾರ್ಟರ್‌ಬ್ಯಾಕ್ ತಪ್ಪೇ ಮಾಡಲ್ಲ ಅಂತಲ್ಲ. ಯಾರ ತಪ್ಪು ಅಂತ ಬೇರೆ ಮಾಡಿ ನೋಡೋದು ಹೇಗೆ ಅಂದ್ರೆ, ಮೊದಲು ಚೆಂಡು ನೋಡೋದು ಬಿಡಿ. ಸ್ನ್ಯಾಪ್‌ಗೆ ಮುಂಚೆ ಎದುರಿನವರಲ್ಲಿ ಎಷ್ಟು ಜನ ಲೈನಿನ ಹತ್ತಿರ ಇದ್ದಾರೆ ಎಣಿಸಿ. ಸ್ನ್ಯಾಪ್ ಆದಮೇಲೆ ಎಷ್ಟು ಜನ ನಿಜವಾಗಿ ನುಗ್ಗಿದರು ನೋಡಿ. ನುಗ್ಗಿದ್ದು ನಾಲ್ಕೇ ಜನ, ತಡೆಯೋಕೆ ಐದು ಜನ ಇದ್ದರು, ಆದರೂ ಎರಡೂವರೆ ಸೆಕೆಂಡಿನೊಳಗೆ ಕ್ವಾರ್ಟರ್‌ಬ್ಯಾಕ್ ಮೈಮೇಲೆ ಬಿದ್ದರು ಅಂದ್ರೆ ಅದು ಲೈನಿನ ಸೋಲು, ವಾದವೇ ಬೇಡ. ಆರು ಜನ ನುಗ್ಗಿ ಒಬ್ಬ ಯಾರ ಕೈಗೂ ಸಿಗದೆ ಬಂದ ಅಂದ್ರೆ ಲೆಕ್ಕ ಬೇರೆ. ಆರನೆಯವನನ್ನ ಮುಂಚೆಯೇ ಗುರುತಿಸಿ ತಡೆ ಬದಲಿಸಬೇಕಿತ್ತು, ಇಲ್ಲ ಚೆಂಡು ಬೇಗ ಬಿಡಬೇಕಿತ್ತು. ಅದು ಕ್ವಾರ್ಟರ್‌ಬ್ಯಾಕ್ ಮತ್ತು ಸೆಂಟರ್ ಇಬ್ಬರ ಹೊಣೆ.

ಆಮೇಲೆ ಕಾಲು ನೋಡಿ, ಕೈಯಲ್ಲ. ಟ್ಯಾಕಲ್‌ಗಳು ಹೊರಗಿನಿಂದ ಬರೋ ರಷರ್‌ನನ್ನ ಹಿಂದಕ್ಕೆ, ಕ್ವಾರ್ಟರ್‌ಬ್ಯಾಕ್‌ನ ಆಚೆಗೆ ದಾಟಿಸ್ತಾರೆ. ಆ ಲೆಕ್ಕಾಚಾರ ನಿಂತಿರೋದು ಅವನು ಏಳರಿಂದ ಒಂಬತ್ತು ಯಾರ್ಡ್ ಆಳದಲ್ಲಿ ಇರ್ತಾನೆ ಅನ್ನೋ ನಂಬಿಕೆ ಮೇಲೆ. ಅವನು ಹೆದರಿ ಹನ್ನೊಂದು ಹನ್ನೆರಡು ಯಾರ್ಡ್ ಹಿಂದಕ್ಕೆ ಸರಿದರೆ, ಟ್ಯಾಕಲ್ ಸರಿಯಾಗಿ ದಾಟಿಸಿದವನ ಕೈಗೇ ತಾನಾಗಿ ಹೋಗಿ ಸಿಕ್ಕಿಕೊಳ್ತಾನೆ. ಟಿವಿಯಲ್ಲಿ ಅದು ಟ್ಯಾಕಲ್ ತಪ್ಪಿನ ಹಾಗೆ ಕಾಣುತ್ತೆ. ಜ್ಯಾಕ್ ವಿಲ್ಸನ್‌ಗೆ ಈ ಅಭ್ಯಾಸ ಇತ್ತು: ಮುಂದೆ ಜಾಗ ಇದ್ದಾಗಲೂ ಹಿಂದಕ್ಕೆ, ಪಕ್ಕಕ್ಕೆ ಓಡೋದು.

ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ (ಡೌನ್) ಇರುತ್ತೆ. ಅದರಲ್ಲಿ ಮೂರನೆಯದಾದ ಥರ್ಡ್ ಡೌನ್‌ಗಳಲ್ಲಿ ಎಷ್ಟು ಯಾರ್ಡ್ ಬೇಕಿತ್ತು ಅಂತ ಒಂದು ಚೀಟಿಯಲ್ಲಿ ಬರೀತಾ ಹೋಗಿ. ಸಾಲಾಗಿ 8, 11, 9, 14 ಬಂದರೆ ಆ ದಿನ ಸೋತಿದ್ದು ಫಸ್ಟ್ ಡೌನ್‌ನಲ್ಲೇ. ಚೆಂಡು ಹಿಡಿದು ಓಡಿ ಯಾರ್ಡ್ ಗಳಿಸೋಕೆ ಆಗ್ತಿಲ್ಲ, ಇಲ್ಲವೇ ಎದುರಾಳಿಯನ್ನ ಹಿಡಿದಿದ್ದಕ್ಕೆ ಹೋಲ್ಡಿಂಗ್ ಪೆನಾಲ್ಟಿ ತಿಂತಿದ್ದಾರೆ. ಅಂಥ ಥರ್ಡ್ ಡೌನ್‌ನಲ್ಲಿ ಪಾಸೇ ಬರುತ್ತೆ ಅಂತ ಎದುರಿನವರಿಗೂ ಗೊತ್ತಿರುತ್ತೆ. ರಿಸೀವರ್‌ಗಳು ಕಾವಲಿಲ್ಲದೆ ಖಾಲಿ ಇದ್ದರಾ ಅನ್ನೋದು ಟಿವಿಯಲ್ಲಿ ಗೊತ್ತಾಗಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ. ಅದಕ್ಕೆ ಎನ್‌ಎಫ್‌ಎಲ್ ಪ್ಲಸ್ ಪ್ರೀಮಿಯಂನಲ್ಲಿ ಬರೋ ಕೋಚಸ್ ಫಿಲ್ಮ್ ನೋಡಬೇಕು, ಅದರಲ್ಲಿ 22 ಜನವೂ ಕಾಣ್ತಾರೆ. ಇಡೀ ಆಟ ಬೇಡ, ಇಂಟರ್ಸೆಪ್ಷನ್‌ಗಳು ಮತ್ತು ಸ್ಯಾಕ್‌ಗಳನ್ನಷ್ಟೇ ಎರಡೆರಡು ಸಲ ನೋಡಿ: ಒಮ್ಮೆ ಲೈನು, ಒಮ್ಮೆ ರಿಸೀವರ್‌ಗಳು.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಅಂದ್ರೆ ಅದೇ ಲೈನು, ಅವೇ ರಿಸೀವರ್‌ಗಳು, ಕ್ವಾರ್ಟರ್‌ಬ್ಯಾಕ್ ಮಾತ್ರ ಬೇರೆ. 2022ರ ನವೆಂಬರ್ 20ರಂದು ಪೇಟ್ರಿಯಟ್ಸ್ ವಿರುದ್ಧ ವಿಲ್ಸನ್ 22ರಲ್ಲಿ 9 ಮುಟ್ಟಿಸಿ 77 ಯಾರ್ಡ್ ಮಾಡಿದ. ಡಿಫೆನ್ಸ್ ಅಷ್ಟು ಹೋರಾಡಿದ ಮೇಲೂ ನಾವು ಒದ್ದ ಚೆಂಡನ್ನ ಅವರು ಹಿಡಿದು ಓಡಿ ಸ್ಕೋರ್ ಮಾಡಿದ ಕೊನೆಯ ಗಳಿಗೆಯ ಪಂಟ್ ರಿಟರ್ನ್‌ನಲ್ಲಿ 10-3 ಸೋತ್ವಿ. ಡಿಫೆನ್ಸ್‌ಗೆ ನೀವು ಕೈಕೊಟ್ಟಿರಾ ಅಂತ ಕೇಳಿದರೆ "ಇಲ್ಲ" ಅಂದ. ಮುಂದಿನ ವಾರ ಮೈಕ್ ವೈಟ್ ಬಂದು ಬೇರ್ಸ್ ವಿರುದ್ಧ 315 ಯಾರ್ಡ್, ಮೂರು ಟಚ್‌ಡೌನ್, 31-10. ಬೇರ್ಸ್ ಡಿಫೆನ್ಸ್ ದುರ್ಬಲವೇ, ಒಪ್ತೀನಿ. ಆದರೂ ಚೆಂಡು ಸಮಯಕ್ಕೆ ಸರಿಯಾಗಿ ಹೋದರೆ ಅದೇ ಲೈನು ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಅವತ್ತು ಗೊತ್ತಾಯ್ತು. ಹಾಗಾಗಿ ವಿಲ್ಸನ್ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ. ಆದರೆ ಅವನನ್ನೂ ಸರಿಯಾಗಿ ಬೆಳೆಸಲಿಲ್ಲ. 2021ರ ಜುಲೈನಲ್ಲಿ ಅವನ ಪಾಸಿಂಗ್ ಕೋಚ್ ಗ್ರೆಗ್ ನ್ಯಾಪ್ ಸೈಕಲ್ ಮೇಲೆ ಹೋಗುವಾಗ ಕಾರು ಡಿಕ್ಕಿಯಾಗಿ ತೀರಿಕೊಂಡರು. ಅಂಥ ಹೊತ್ತಲ್ಲಿ ಜೊತೆಗೆ ಒಬ್ಬ ಅನುಭವಿ ಕ್ವಾರ್ಟರ್‌ಬ್ಯಾಕ್ ಇರಬೇಕಿತ್ತು. ಜೋ ಫ್ಲಾಕೋನನ್ನ ತಂದಿದ್ದು ಅಕ್ಟೋಬರ್‌ನಲ್ಲಿ, ವಿಲ್ಸನ್ ಮೊಣಕಾಲು ಪೆಟ್ಟು ಮಾಡಿಕೊಂಡ ಮೇಲೆ. ಮೊದಲ ಆಟದಲ್ಲೇ ಲೆಫ್ಟ್ ಟ್ಯಾಕಲ್ ಮೆಕಾಯ್ ಬೆಕ್ಟನ್ ಮೊಣಕಾಲು ಹೋಗಿತ್ತು, ವಿಲ್ಸನ್ ಆ ದಿನ ಆರು ಸಲ ಸ್ಯಾಕ್ ಆದ. ನಮ್ಮಲ್ಲಿ ಕೆಲಸಕ್ಕೆ ಬಾರದವನು ಅನ್ನಿಸಿಕೊಂಡ ಅದೇ ಬೆಕ್ಟನ್ 2024ರಲ್ಲಿ ಫಿಲಡೆಲ್ಫಿಯಾದಲ್ಲಿ ಗಾರ್ಡ್ ಆಗಿ ಸೂಪರ್ ಬೌಲ್ ಗೆದ್ದ. ಅಲ್ಲಿ ಲೈನಿಗೆ ಪಾಠ ಹೇಳ್ತಿದ್ದವರು ಜೆಫ್ ಸ್ಟೌಟ್‌ಲ್ಯಾಂಡ್. ಕೋಚಿಂಗ್ ಅಂದ್ರೆ ಇದು.

ಟೀಮು ಬಿಟ್ಟುಬಿಡಲಾ ಅಂತಲೂ ಕೇಳಿದ್ದೀರಿ. ಬಿಡಬೇಡಿ. ಸೀಸನ್ ಟಿಕೆಟ್‌ಗೆ ಮಾತ್ರ ಕೈ ಹಾಕಬೇಡಿ. ಡಿಸೆಂಬರ್ ಹೊತ್ತಿಗೆ ಸೋಲೋ ಟೀಮಿನ ಟಿಕೆಟ್ ಮರುಮಾರಾಟದಲ್ಲಿ ಇಳಿದೇ ಇಳಿಯುತ್ತೆ, ಆಗ ಒಂದೆರಡು ಆಟಕ್ಕೆ ಹೋಗಿ. ನೀವಿರೋ ನ್ಯೂಜೆರ್ಸಿಯ ಎಡಿಸನ್‌ನಿಂದ ರೈಲು ಹಿಡಿದು ಸಿಕಾಕಸ್‌ನಲ್ಲಿ ಮೆಡೋಲ್ಯಾಂಡ್ಸ್ ರೈಲಿಗೆ ಬದಲಾಯಿಸಿದರೆ ಪಾರ್ಕಿಂಗ್ ದುಡ್ಡೂ ಉಳಿಯುತ್ತೆ. ಸೀಟು ತಗೊಳ್ಳುವಾಗ ಕೆಳಗಿನ ಸೈಡ್‌ಲೈನ್ ಬೇಡ, ಅಲ್ಲಿ ಆಟಗಾರರ ಬೆನ್ನಷ್ಟೇ ಕಾಣೋದು. ಎಂಡ್ ಜೋನ್ (ಮೈದಾನದ ತುದಿಯಲ್ಲಿ ಸ್ಕೋರ್ ಮಾಡೋ ಜಾಗ) ಹಿಂದಿನ ಮೇಲಿನ ಅಂತಸ್ತು ತಗೊಳ್ಳಿ. ಅಲ್ಲಿಂದ ಲೈನ್‌ಮ್ಯಾನ್‌ಗಳ ನಡುವಿನ ಸಂದು, ಯಾರು ಎಲ್ಲಿಂದ ನುಗ್ಗಿದರು, ಯಾವ ಗಾರ್ಡ್ ತಪ್ಪು ಕಡೆ ತಿರುಗಿದ, ಎಲ್ಲ ಕಾಣುತ್ತೆ. ಗಾಳಿ ಜಾಸ್ತಿ, ಬೆಚ್ಚಗಿನ ಬಟ್ಟೆ ಹಾಕಿಕೊಳ್ಳಿ.

ಡ್ರಾಫ್ಟ್ ಬಂದಾಗ ಗುರುವಾರ ರಾತ್ರಿ ಹೊಸ ಕ್ವಾರ್ಟರ್‌ಬ್ಯಾಕ್ ಹೆಸರು ಕೂಗಿದರೆ ಕುಣಿಯಲೂಬೇಡಿ, ಅಳಲೂಬೇಡಿ. ಶುಕ್ರವಾರ ರಾತ್ರಿ, ಎರಡು ಮತ್ತು ಮೂರನೇ ಸುತ್ತಿನಲ್ಲಿ, ಗಾರ್ಡೋ ಟ್ಯಾಕಲ್ಲೋ ಬಂದನಾ ನೋಡಿ. ಆ ಪಿಕ್‌ಗಳನ್ನ ಹಿಂದಿನ ದಿನವೇ ಯಾರಿಗೋ ಕೊಟ್ಟಾಗಿದೆ ಅಂತ ಗೊತ್ತಾದರೆ ಬೂ ಅಂತ ಕೂಗಿ, ನಾನೂ ಕೂಗ್ತೀನಿ. ಆದರೆ ಹುಡುಗನನ್ನ ನೋಡಿಕೊಂಡಲ್ಲ, ಆ ಪಿಕ್ ಮಾರಿದವರನ್ನ ನೋಡಿಕೊಂಡು.