ಗಂಡ ಹೆಂಡತಿ ಸೇರಿ ಆಧ್ಯಾತ್ಮಿಕ ರಾಕ್ ಹಾಡು ಮಾಡುವಾಗ ದನಿ ಗಿಟಾರಿನಲ್ಲಿ ಮುಳುಗದಂತೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ನೀವು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೀರಿ, ಹೆಂಡತಿ ಶಾಸ್ತ್ರೀಯ ಸಂಗೀತ ಕಲಿತವರು, ಇಬ್ಬರೂ ಹಾಡುತ್ತೀರಿ. ಡಿಸ್ಟಾರ್ಷನ್ (ಗಿಟಾರಿನ ನಾದವನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಕೂಡಲೇ ಅವರ ದನಿ ಅಪಶ್ರುತಿ ಅನ್ನಿಸುತ್ತದೆ, ಸಾಹಿತ್ಯ ಕೇಳಿಸುವುದಿಲ್ಲ, ಆಮೇಲೆ ತಪ್ಪು ಯಾರದು ಅಂತ ಮಾತಿಗೆ ಮಾತು ಬೆಳೆಯುತ್ತದೆ. ನನ್ನ ಪ್ರಕಾರ ತಪ್ಪು ಅವರ ಕಂಠದ್ದಲ್ಲ, ನೀವು ಹಿಡಿಯುತ್ತಿರುವ ಕಾರ್ಡಿನದು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನದು.

ಲೆಕ್ಕ ಹಾಕಿ ನೋಡಿ. ಜಿ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಅದು 196 ಹರ್ಟ್ಸ್. ತಂಬೂರಿಗೆ ಕಿವಿಗೊಟ್ಟು ಹಾಡುವವರ ಅಂತರ ಗಾಂಧಾರ (ಮೇಲಿನ ಗ) 245ರ ಹತ್ತಿರ ನಿಲ್ಲುತ್ತದೆ. ಗಿಟಾರಿನ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಕೊಡುವುದು ಸುಮಾರು 247. ಡಿಸ್ಟಾರ್ಷನ್ ಇಲ್ಲದಾಗ ಇದನ್ನು ಕಿವಿ ಸಹಿಸಿಕೊಳ್ಳುತ್ತದೆ. ಡಿಸ್ಟಾರ್ಷನ್ ಬಂದರೆ ಕಾರ್ಡಿನ ಎರಡು ಸ್ವರಗಳ ವ್ಯತ್ಯಾಸದಷ್ಟು ಆವರ್ತನದ ಹೊಸ ಸ್ವರವೂ ಹುಟ್ಟುತ್ತದೆ. 247ರಲ್ಲಿ 196 ಕಳೆದರೆ 51. ಕೆಳಗಿನ ಷಡ್ಜವಾಗಲು ಅದು 49 ಇರಬೇಕಿತ್ತು. ಪಂಚಮಕ್ಕೆ (ಪ) ಈ ತೊಂದರೆಯಿಲ್ಲ: 293.7ರಲ್ಲಿ 196 ಕಳೆದರೆ 97.7, ಷಡ್ಜ 98. ಹಾಗಾಗಿ ಡಿಸ್ಟಾರ್ಷನ್ ಇರುವ ಕಡೆಯೆಲ್ಲ ಪವರ್ ಕಾರ್ಡ್, ಅಂದರೆ ಷಡ್ಜ ಪಂಚಮ ಮಾತ್ರ. ಗಾಂಧಾರವನ್ನು ಪೂರ್ತಿ ದನಿಗೆ ಬಿಟ್ಟುಬಿಡಿ. ಸಾಧಾರಣವೋ (ಕೆಳಗಿನ ಗ) ಅಂತರವೋ ಅವರು ಹಾಡಿಯೇ ತೋರಿಸಲಿ, ರಾಗದ ಭಾವ ಇರುವುದೇ ಅಲ್ಲಿ. ಗಿಟಾರಿನಲ್ಲೂ ಗಾಂಧಾರ ಬೇಕೇಬೇಕಾದರೆ ವಾಲ್ಯೂಮ್ ನಾಬನ್ನು 4ಕ್ಕೆ ಇಳಿಸಿ ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸಿ.

ಹಿಂದೋಳದಂಥ ರಾಗಕ್ಕೆ ಪಂಚಮವೇ ಇಲ್ಲ. ಅಲ್ಲಿ ಷಡ್ಜದ ಪವರ್ ಕಾರ್ಡ್ ಹಿಡಿದರೆ ರಾಗ ಕೆಟ್ಟಿತು. ಷಡ್ಜ ಮಧ್ಯಮ ಜೋಡಿ ಹಿಡಿಯಿರಿ, ಬೇಸ್ ಗಿಟಾರ್ ಮಾತ್ರ ಷಡ್ಜ ಬಿಟ್ಟು ಕದಲಬಾರದು. ಕದಲಿದರೆ ಕೇಳುವವರ ಕಿವಿ ಮಧ್ಯಮವನ್ನೇ ಷಡ್ಜ ಅಂದುಕೊಳ್ಳುತ್ತದೆ.

ಯಾರ ಶ್ರುತಿಯಲ್ಲಿ ಹಾಡಬೇಕು ಅನ್ನುವ ಜಗಳಕ್ಕೂ ಒಳ್ಳೆಯ ದಾರಿಯಿದೆ. ಸಾಮಾನ್ಯವಾಗಿ ಹೆಂಗಸರಿಗೆ ಜಿ ಆಸುಪಾಸು, ಗಂಡಸರಿಗೆ ಸಿ ಆಸುಪಾಸು ಹಿತ. ಗಿಟಾರನ್ನು ಡ್ರಾಪ್ ಸಿಗೆ ಇಳಿಸಿ: ದಪ್ಪ ತಂತಿಯಿಂದ ಸಿ, ಜಿ, ಸಿ, ಎಫ್, ಎ, ಡಿ. ಈಗ ತೆರೆದ ಜಿ ತಂತಿ ಅವರಿಗೆ ಷಡ್ಜ, ನಿಮಗೆ ಪಂಚಮ. ಅವರ ಚರಣ ಜಿಯಲ್ಲಿ, ನಿಮ್ಮ ಚರಣ ಸಿಯಲ್ಲಿ. ನಡುವೆ ಆ ಒಂದು ತಂತಿ ನಿಲ್ಲದೆ ಮೊಳಗುತ್ತಿದ್ದರೆ ಶ್ರುತಿ ಬದಲಾದದ್ದು ಜೋಡಿಸಿದಂತೆ ಕೇಳುವುದಿಲ್ಲ. ಇಬ್ಬರೂ ಒಟ್ಟಿಗೆ ಹಾಡುವ ಪಲ್ಲವಿಯನ್ನು ಅವರ ಷಡ್ಜದಿಂದ ಧೈವತದೊಳಗೆ ಕಟ್ಟಿ. ಅದು ಅವರಿಗೆ ಮೆಲುದನಿಯ ಜಾಗ, ನಿಮಗೆ ತಾರಸ್ಥಾಯಿಯ ಹತ್ತಿರ. ನೀವೇ ಜೋರಾಗುತ್ತೀರಿ, ಆದ್ದರಿಂದ ಮೈಕಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಿ. ತಂತಿಗಳ ವಿಷಯ: 9ರ ಸೆಟ್ (ತೆಳು ತಂತಿ ಇಂಚಿನ ಸಾವಿರದ 9 ಭಾಗ ದಪ್ಪ) ಹಾಕಿ ಸಿಗೆ ಇಳಿಸಿದರೆ ತಂತಿ ಸಡಿಲವಾಗಿ, ಜೋರಾಗಿ ಹೊಡೆದಾಗಲೆಲ್ಲ ಸ್ವರ ಮೇಲಕ್ಕೆ ಜಿಗಿಯುತ್ತದೆ. 11ರಿಂದ 54ರ ಸೆಟ್ ಹಾಕಿ, ಬ್ರಿಡ್ಜಿನಲ್ಲಿ ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿರುವುದು) ಮತ್ತೆ ಹೊಂದಿಸಿ.

ಸಾಹಿತ್ಯ ಕೂರಿಸುವಾಗ ಹ್ರಸ್ವಾಕ್ಷರವನ್ನು ಉದ್ದ ಸ್ವರಕ್ಕೆ ಹಾಕಬೇಡಿ. ‘ಮನ’ದ ಮೊದಲ ಅಕ್ಷರವನ್ನು ಮೂರು ಬೀಟ್ ಎಳೆದರೆ ಜನರ ಕಿವಿಗೆ ಬೀಳುವುದು ‘ಮಾನ’. ಮೊದಲಕ್ಷರ ಅರ್ಧ ಬೀಟಿನಲ್ಲಿ ಮುಗಿಯಲಿ, ಎಳೆಯುವುದಿದ್ದರೆ ಕೊನೆಯಕ್ಷರ ಎಳೆಯಿರಿ.

ರೆಕಾರ್ಡಿಂಗ್: 24 ಬಿಟ್, 48 ಕಿಲೋಹರ್ಟ್ಸ್. ಮೈಕ್ ಬಾಯಿಯಿಂದ 15–20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್, ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಿರಲಿ. ದಪ್ಪ ಕಂಬಳಿಯನ್ನು ಹಾಡುವವರ ಬೆನ್ನ ಹಿಂದೆ ಕಟ್ಟಿ. ಬಹಳ ಜನ ಮೈಕಿನ ಹಿಂದೆ ಮಾತ್ರ ಕಟ್ಟುತ್ತಾರೆ, ಆದರೆ ಕಾರ್ಡಿಯಾಯ್ಡ್ ಮೈಕ್ (ಮುಖ್ಯವಾಗಿ ಮುಂದಿನ ಶಬ್ದ ಹಿಡಿಯುವುದು) ನೋಡುತ್ತಿರುವುದು ಹಾಡುವವರ ಬೆನ್ನ ಹಿಂದಿನ ಗೋಡೆಯನ್ನು.

ಗಿಟಾರನ್ನು ಎರಡು ಸಲ ಬೇರೆಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ಒಂದೇ ಟೇಕನ್ನು (ಒಂದು ಸಲದ ರೆಕಾರ್ಡಿಂಗನ್ನು) ಕಾಪಿ ಮಾಡಿದರೆ ಶಬ್ದ ನಡುವೆಯೇ ಕೂತು ದನಿಯ ಜಾಗ ತಿನ್ನುತ್ತದೆ. ಎರಡು ಟೇಕ್ ಸೇರುವುದರಿಂದ ಗೇನ್ (ಡಿಸ್ಟಾರ್ಷನ್ ಪ್ರಮಾಣ) ಮೂರನೇ ಒಂದು ಭಾಗ ಇಳಿಸಿ. ಹಾಡುವ ಸಾಲುಗಳಲ್ಲಿ ಮಾತ್ರ ಗಿಟಾರಿನ 2ರಿಂದ 3 ಕಿಲೋಹರ್ಟ್ಸ್ ಭಾಗವನ್ನು 3 ಡೆಸಿಬೆಲ್ ತಗ್ಗಿಸಿ; ವ್ಯಂಜನಗಳ ಸ್ಪಷ್ಟತೆಗೆ ಬೇಕಾದ ಜಾಗ ಅದು. ಇನ್ನು ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಂತೆ ಅನ್ನಿಸುವ ಅನುರಣನ. ಭಕ್ತಿ ಬರಲಿ ಅಂತ ಇದನ್ನು ಸುರಿಯುವವರೇ ಹೆಚ್ಚು, ಆ ಭಕ್ತಿಯಲ್ಲಿ ಪದವೇ ಕರಗಿಹೋಗುತ್ತದೆ. ಪ್ರೀಡಿಲೇ (ದನಿಯ ನಂತರ ರಿವರ್ಬ್ ಶುರುವಾಗುವ ತಡ) 50 ಮಿಲಿಸೆಕೆಂಡ್ ಇಡಿ, ರಿವರ್ಬಿನ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಬ್ರಿಟನ್ನಿನ ರಿಚರ್ಡ್ ಮತ್ತು ಲಿಂಡಾ ಥಾಂಪ್ಸನ್ ದಂಪತಿ ಸೂಫಿ ಮಾರ್ಗಕ್ಕೆ ಬಂದ ಮೇಲೆ 1975ರಲ್ಲಿ ತಂದ ‘ಪೋರ್ ಡೌನ್ ಲೈಕ್ ಸಿಲ್ವರ್’ ಆಲ್ಬಮ್ ಕೇಳಿ. ವಾದ್ಯಗಳನ್ನು ಎಷ್ಟು ಮಿತವಾಗಿ ಬಳಸಿದ್ದಾರೆ ಅನ್ನುವುದೇ ಒಂದು ಪಾಠ.

ಅವರಿಂದ ಇನ್ನೊಂದನ್ನೂ ತಿಳಿಯಬಹುದು. 1982ರಲ್ಲಿ ದಾಂಪತ್ಯ ಮುರಿದ ಮೇಲೂ ಅವರಿಬ್ಬರೂ ಒಂದೇ ವೇದಿಕೆ ಹತ್ತಿ ಅಮೆರಿಕ ಪ್ರವಾಸ ಮಾಡಿದರು. ಹಾಡಿನ ವ್ಯವಹಾರ ಸಂಸಾರದ ಏರಿಳಿತವನ್ನು ಕೇಳುವುದಿಲ್ಲ. ಸಾಹಿತ್ಯ ಮತ್ತು ದನಿಯ ಬಗ್ಗೆ ಕೊನೆಯ ಮಾತು ನಿಮ್ಮ ಹೆಂಡತಿಯದು, ಗಿಟಾರ್ ಮತ್ತು ಮಿಕ್ಸ್ ಬಗ್ಗೆ ನಿಮ್ಮದು ಅಂತ ಮೊದಲೇ ಹಂಚಿಕೊಳ್ಳಿ. ಟೇಕ್ ಮುಗಿದ ಕ್ಷಣದಲ್ಲಿ ಅಭಿಪ್ರಾಯ ಹೇಳಬೇಡಿ, ಮರುದಿನ ಬೆಳಿಗ್ಗೆ ಕೇಳಿ ಹೇಳಿ. ಹಾಡಿ ದಣಿದವರಿಗೆ ಸಲಹೆಯೂ ಆಕ್ಷೇಪಣೆಯಾಗಿಯೇ ಕೇಳುತ್ತದೆ. ಹಾಡು ಮುಗಿದ ದಿನವೇ ಸಾಹಿತ್ಯ ಯಾರದು, ಸಂಯೋಜನೆ ಯಾರದು, ಪಾಲು ಎಷ್ಟೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಆಮೇಲೆ ಅಪ್‌ಲೋಡ್ ಮಾಡಿ.