ಎಲ್‌ಡಿಎಲ್ 98 ಇದ್ದರೆ ಸಾಕೇ?

ತಂದೆಗೆ 52ಕ್ಕೇ ಹೃದಯಾಘಾತವಾಗಿತ್ತು, ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98, ನಿಶ್ಚಿಂತೆಯಿಂದ ಇರಬಹುದೇ ಎಂದು ಕೇಳಿದ್ದೀರಿ. ಅಷ್ಟು ಬೇಗ ಬೇಡ ಸರ್. ನೀವೇ ಹಾಕಿರುವ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 174, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 34, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 210. 174ರಲ್ಲಿ 34 ಕಳೆಯಿರಿ. ಉಳಿಯುವ 140 ನಿಮ್ಮ ನಾನ್-ಎಚ್‌ಡಿಎಲ್, ಅಂದರೆ ಒಳ್ಳೆಯದನ್ನು ಬಿಟ್ಟು ಉಳಿದ ಕೊಲೆಸ್ಟ್ರಾಲ್. ಅದು 130ರೊಳಗಿದ್ದರೆ ಚೆನ್ನ. ಟ್ರೈಗ್ಲಿಸರೈಡ್ ಏರಿದವರಲ್ಲಿ ಎಲ್‌ಡಿಎಲ್ ಕಣಗಳು ಸಾಮಾನ್ಯವಾಗಿ ಸಣ್ಣವು, ಸಂಖ್ಯೆಯಲ್ಲಿ ಹೆಚ್ಚು. 98 ಎಂಬುದು ಅವು ಹೊತ್ತ ಕೊಲೆಸ್ಟ್ರಾಲಿನ ಲೆಕ್ಕವೇ ಹೊರತು ತಲೆ ಎಣಿಕೆಯಲ್ಲ. ತಲೆ ಎಣಿಸಲು ಅಪೊಬಿ ಎಂಬ ಪ್ರೋಟೀನಿನ ಪರೀಕ್ಷೆ ಇದೆ, ಕಣಕ್ಕೊಂದೇ ಅಪೊಬಿ. ಹೃದಯಕ್ಕೆ ಅಪಾಯ ತರುವ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್-ಎ ಪರೀಕ್ಷೆಯನ್ನೂ ಮಾಡಿಸಿ. ಅದು ಬಹುಪಾಲು ವಂಶದ ಬಳುವಳಿ, ಸಾಮಾನ್ಯವಾಗಿ ಜೀವಮಾನಕ್ಕೊಮ್ಮೆ ನೋಡಿದರೆ ಸಾಕು. ಹೊಟ್ಟೆಯ ಕೊಬ್ಬು ಅಳೆಯಲು ಕಾಸಿಲ್ಲದ ಪರೀಕ್ಷೆಯೂ ಒಂದಿದೆ: ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂ.ಮೀ. ಗಡಿ. ಪ್ಯಾಂಟಿನ ಅಳತೆ ನಂಬಬೇಡಿ, ಅದನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ! ಇಷ್ಟನ್ನೂ ಒಟ್ಟಿಗೆ ವೈದ್ಯರ ಮುಂದಿಡಿ.